ಎ ಟು ಝಡ್ ಆಮೇಲೆ ಕಲೀಲಿ ಬಿಡಿ

ಮಕ್ಕಳಿಗೆ ಇಂಗ್ಲಿಷ್ ಓದೋದು ಕಲಿಸುವಾಗ ಎ ಟು ಝಡ್ ಬಾಯಿಪಾಠ ಮೊದಲು, ಫೋನಿಕ್ಸ್ (ಅಂದ್ರೆ ಅಕ್ಷರಗಳ ಸದ್ದು ಕೂಡಿಸಿ ಓದೋದು) ಆಮೇಲೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ ಸರ್. 'ಸಿ ಎ ಟಿ' ಅಂತ ಎಷ್ಟು ಬೇಗ ಹೇಳಿದ್ರೂ 'ಸೀಏಟೀ' ಆಗುತ್ತೆ, 'ಕ್ಯಾಟ್' ಆಗಲ್ಲ. ಇಂಗ್ಲಿಷ್‌ಗೆ ಇರೋದು 26 ಅಕ್ಷರ, ಸದ್ದುಗಳು ಸುಮಾರು 44. ಅಕ್ಷರದ ಹೆಸರು ಗೊತ್ತಿದ್ದ ಮಾತ್ರಕ್ಕೆ ಓದೋಕೆ ಬಂದುಬಿಡಲ್ಲ.

ಕನ್ನಡ ಬಲ್ಲವರಿಗೆ ಇಲ್ಲಿ ಒಂದು ಅನುಕೂಲ ಇದೆ. ಬೆಂಗಳೂರಲ್ಲಿ ಬೀದಿಗೊಂದು ಫೋನಿಕ್ಸ್ ಕ್ಲಾಸ್ ಇದ್ರೂ ಎಷ್ಟೋ ಕಡೆ 'ಬ', 'ಟ' ಅಂತ ಕೊನೆಗೆ 'ಅ' ಬಾಲ ಸೇರಿಸೇ ಹೇಳಿಕೊಡ್ತಾರೆ. ಮಗು 'ಬ್ಯಾಟ್' ಅನ್ನೋ ಬದಲು 'ಬ-ಆ-ಟ' ಕೂಡಿಸಿ 'ಬಾಟ' ಅನ್ನುತ್ತೆ, ಚಪ್ಪಲಿ ಅಂಗಡಿ ಥರ! 'ಬ್', 'ಟ್', 'ಸ್' ಅಂತ ಸ್ವರ ಬಿಟ್ಟು ಹೇಳೋದು ನಮಗೆ ಕಾಗುಣಿತದಿಂದಲೇ ಗೊತ್ತು. ಬೇಕಾಗಿರೋದೂ ಅದೇ.

ಮಗಳಿಗೆ ಎಸ್, ಎ, ಟಿ, ಐ, ಪಿ, ಎನ್, ಈ ಆರು ಅಕ್ಷರಗಳ ಸದ್ದಿನಿಂದ ಶುರು ಮಾಡಿದ್ವಿ. ನೀರಿನ ಬಾಟಲಿ ಮುಚ್ಚಳಗಳ ಮೇಲೆ ಮಾರ್ಕರ್‌ನಲ್ಲಿ ಬರೆದು ಜೋಡಿಸೋದು: ಪಿನ್, ಟ್ಯಾಪ್, ಸಿಟ್, ನ್ಯಾಪ್. ಆಮೇಲೆ ಡಿ ಬಂತು. ಒಂದು ಬೆಳಗ್ಗೆ ಹಾಲಿನ ಪ್ಯಾಕೆಟ್ ಮೇಲೆ ಬೆರಳಿಟ್ಟು 'ನ್ಯಾನ್-ಡಿ-ನಿ' ಅಂತ ಓದಿದಳು, ಒಂದು ಕ್ಷಣ ನಿಂತು, 'ಅಮ್ಮಾ, ನಂದಿನಿ!' ಅಂತ ಕೂಗಿದಳು. ಅಜ್ಜಿಗಂತೂ ಅವತ್ತಿಡೀ ಅದೇ ಸುದ್ದಿ.

'ಸೆಡ್' (said), 'ವಾಸ್' (was) ಥರದ ಪದಗಳು ಸದ್ದಿನ ಲೆಕ್ಕಕ್ಕೆ ಪೂರ್ತಿ ಸಿಗಲ್ಲ, ಹೇಳಿಕೊಟ್ಟು ಮುಂದೆ ಹೋಗಿ. ಹಾಗೇ ಕ್ಯಾಪಿಟಲ್‌ಗಿಂತ ಮೊದಲು ಸ್ಮಾಲ್ ಲೆಟರ್ ಕಲಿಸಿ, ಕಥೆ ಪುಸ್ತಕ ತೆಗೆದ್ರೆ ಕಾಣೋದು ಬಹುಪಾಲು ಅವೇ.