ಸೀಶೆಲ್ಸ್‌ಗೆ ಹೊರಡುವ ಮೊದಲು ನೇತ್ರಾಣಿ ಯಾಕೆ?

"ಫೆಬ್ರವರಿಯಲ್ಲಿ ಹಾಯಿದೋಣಿಯಲ್ಲಿ ಸೀಶೆಲ್ಸ್‌ಗೆ ಹೊರಟವರು ಈಗ ನೇತ್ರಾಣಿ ಸುತ್ತಿ ಬಂದು ಏನು ಕಲಿಯೋದಿದೆ ಮಾರಾಯ?" ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಹೇಳಿ ಸಾಕಾಯಿತು. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ಇದು ನಮ್ಮ ಗೆಳೆಯರ ಎರಡು ಹಾಯಿದೋಣಿಗಳ ರೇಸ್. ಕಾರವಾರದ ಬೈತಖೋಲದಿಂದ ಹೊರಟು, ಮುರ್ಡೇಶ್ವರದ ಆಚೆ ಇರುವ ನೇತ್ರಾಣಿ ದ್ವೀಪವನ್ನು ಸುತ್ತಿ ವಾಪಸ್. ಹೆಚ್ಚುಕಡಿಮೆ 100 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.). ಕಪ್ಪೂ ಇಲ್ಲ, ಬ್ಯಾನರೂ ಇಲ್ಲ. ಸೋತವರು ಗೆದ್ದವರಿಗೆ ಮೀನೂಟ ಹಾಕಿಸಬೇಕು, ಅಷ್ಟೇ. ಇಲ್ಲಿಂದ ಆಫ್ರಿಕಾ ಕಡೆಯ ಸೀಶೆಲ್ಸ್ ದ್ವೀಪಗಳು ಸುಮಾರು 1,600 ನಾಟಿಕಲ್ ಮೈಲಿ. ಗಂಟೆಗೆ 5 ಮೈಲಿ ಓಡಿದರೂ ಎರಡು ವಾರ ಬೇಕು. ಅದರ ಮುಂದೆ ಈ 100 ಯಾವ ಲೆಕ್ಕ ಅನ್ನಿಸುವುದು ಸಹಜ. ನಾನು ಮಾತ್ರ ಒಪ್ಪುವುದಿಲ್ಲ. ಕಷ್ಟ ಇರುವುದು ದಡದ ಹತ್ತಿರವೇ. ದೇವಿಮನೆ ಘಟ್ಟದಲ್ಲಿ ರಾತ್ರಿ ಬಸ್ ಇಳಿಸಿದವನಿಗೆ ಹೈವೇಯಲ್ಲಿ ಏನು ಹೆದರಿಕೆ?

ನಡುಗಡಲಲ್ಲಿ ತಾಗುವಂಥದ್ದು ಕಡಿಮೆ. ಇಲ್ಲಿ ಹಾಗಲ್ಲ. ಹೊರಟ ಕೂಡಲೇ ಅಂಜುದೀವ್ ದ್ವೀಪ ಮತ್ತು ಕದಂಬ ನೌಕಾನೆಲೆಯ ನೀರಿನಿಂದ ದೂರ ಸರಿಯಬೇಕು. ಆಮೇಲೆ ಬಂಡೆ, ನದಿಬಾಯಿಯ ಸೆಳೆತ, ಟ್ರಾಲರ್. ಕೆಲವು ಬೋಟುಗಳ ಎಲ್‌ಇಡಿ ಬೆಳಕು ಎಷ್ಟು ಜೋರು ಅಂದರೆ, ನಕ್ಷೆಯಲ್ಲಿ ಇಲ್ಲದ ಕಡೆ ಊರು ಬಂತಾ ಅಂತ ಗಾಬರಿಯಾಗುತ್ತದೆ. (ಆ ದೀಪದ ಮೀನುಗಾರಿಕೆಗೆ ನಿಷೇಧ ಇದೆ. ಇರಲಿ, ಅದು ಬೇರೆಯೇ ಜಗಳ.)

ಗಾಳಿಯ ಆಟ ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಕಡಲಗಾಳಿ. ರಾತ್ರಿ ತಡವಾಗಿ ಘಟ್ಟದ ಕಡೆಯಿಂದ ನೆಲಗಾಳಿ. ತೆಂಕಕ್ಕೆ ಹೋಗುವಾಗ ಕಡಲಗಾಳಿ ಬೆನ್ನಿಗೆ ಇರುತ್ತದೆ, ಸುಖ. ಬರುವಾಗ ಅದೇ ಗಾಳಿ ಮುಖಕ್ಕೆ. ಹಾಯಿದೋಣಿ ಗಾಳಿಗೆ ನೇರ ಎದುರು ಹೋಗುವುದಿಲ್ಲ ನೋಡಿ. ಓರೆಯಾಗಿ ಅತ್ತ ಇತ್ತ ಓಡಬೇಕು, ದೂರ ಒಂದೂವರೆ ಪಟ್ಟಿನ ಹತ್ತಿರ ಬೆಳೆಯುತ್ತದೆ. ಹಾಗಾಗಿ ವಾಪಸ್ ಬರುವಾಗ ನೆಲಗಾಳಿಯೇ ಗತಿ. ಅದು ಚೆನ್ನಾಗಿ ಸಿಗುವುದು ದಡದ ಪಕ್ಕ. ಬಲೆಗಳು ಇರುವುದೂ ಅಲ್ಲೇ.

ಕಳೆದ ಸಲ ಹೊನ್ನಾವರದ ಎದುರು ಹೀಗೇ ಆಯಿತು. ನಸುಕಿನ ಹೊತ್ತು. ಬಸವರಾಜದುರ್ಗ ದ್ವೀಪ ಬರೀ ಕಪ್ಪು ಗುಡ್ಡೆ. ಗಾಳಿಗಿಂತ ಮೊದಲು ತರಗೆಲೆ ಸುಟ್ಟ ಹೊಗೆಯ ವಾಸನೆ ಬಂತು, ಹಿಂದೆಯೇ ಹಾಯಿ ತುಂಬಿತು. ಖುಷಿಪಡುವಷ್ಟರಲ್ಲಿ ಬಲೆಯ ತೇಲು. ಪ್ಲಾಸ್ಟಿಕ್ ಬಾಟಲಿಗಳ ಸಾಲು, ಕೊನೆಗೆ ಬಿದಿರಿಗೆ ಕಟ್ಟಿದ ಒಂದು ಬಾವುಟ, ದೀಪ ಇಲ್ಲ. ಒಬ್ಬ ದೋಣಿಯ ಮೂತಿಯಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಟಾರ್ಚ್ ಬಿಡುತ್ತಾ "ಎಡಕ್ಕೆ, ಇನ್ನೂ ಎಡಕ್ಕೆ" ಅಂತ ಕೂಗುತ್ತಿದ್ದ. ಬಾಟಲಿಗಳು ಕೈಯಳತೆಯಲ್ಲಿ ಹಾದುಹೋದವು. ಒಂದು ಹಗ್ಗ ಚುಕ್ಕಾಣಿಗೆ ಸಿಕ್ಕಿದ್ದರೂ ಅವರ ಬಲೆ ಹರಿಯುತ್ತಿತ್ತು, ನಮ್ಮ ರೇಸೂ ಮುಗಿಯುತ್ತಿತ್ತು.

ರೇಸೇ ಯಾಕೆ, ಸುಮ್ನೆ ಹೋಗಿ ಬಂದರೆ ಆಗದಾ ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ಸುಮ್ನೆ ಹೋಗಿದ್ದರೆ ಆ ಹೊತ್ತಿಗೆ ಎಂಜಿನ್ ಹಾಕಿ ದೂರ ಹೋಗಿರುತ್ತಿದ್ದೆವು. ಹೊರಗಡೆ ಇನ್ನೊಂದು ದೋಣಿಯ ದೀಪ ಕಾಣುತ್ತಿತ್ತು, ಅದಕ್ಕೇ ಎಂಜಿನ್ ಹಾಕದೆ ಹಾಯಿಯಲ್ಲೇ ಮುಂದುವರಿದೆವು. ರಾತ್ರಿಯಿಡೀ ಹಾಗೆ ಹಾಯಿ ದುಡಿಸಿದ್ದಕ್ಕೇ ಬೇಲೆಕೇರಿ ದಾಟುವಾಗ ಇನ್ನೊಂದು ವಿಷಯ ಸಿಕ್ಕಿತು. ದೊಡ್ಡ ಹಾಯಿಯನ್ನು ಮೇಲೇರಿಸುವ ಹಗ್ಗ ರಾಟೆಯ ಅಂಚಿಗೆ ಉಜ್ಜಿ ಸಿಪ್ಪೆ ಎದ್ದಿತ್ತು, ಒಳಗಿನ ಬಿಳಿ ಎಳೆ ಕಾಣುತ್ತಿತ್ತು. ಅದು ಸೀಶೆಲ್ಸ್ ದಾರಿಯ ಎಂಟನೇ ದಿನ ಗೊತ್ತಾದರೆ ಹೇಗೆ?

ದೊಡ್ಡವರೂ ಹೀಗೇ ಮಾಡಿದ್ದು. ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದರು. ಅದಕ್ಕೆ ಮೊದಲು ಅದೇ ದೋಣಿಯಲ್ಲಿ ಮಾರಿಷಸ್‌ಗೆ ಹೋಗಿ ಬಂದಿದ್ದರು. ಗೋವಾದಲ್ಲಿ ಕಟ್ಟಿದ ಆ ದೋಣಿಯ ಹೆಸರು ಮ್ಹಾದೇಯಿ, ನಾವೂ ಗೋವಾದವರೂ ನೀರಿಗೆ ಕಿತ್ತಾಡುವ ಅದೇ ಮಹದಾಯಿ! ನೌಕಾಪಡೆಯವರು 2022ರ ನವೆಂಬರ್‌ನಲ್ಲಿ ಕೊಚ್ಚಿಯಿಂದ ಗೋವಾಕ್ಕೆ ಸುಮಾರು 360 ನಾಟಿಕಲ್ ಮೈಲಿಯ ರೇಸ್ ಮಾಡಿದರು, ನಮ್ಮ ಕಡಲ ಮುಂದೆಯೇ ಹಾದು.

ನಮ್ಮ ರೇಸಿನಲ್ಲಿ ನನಗೆ ಕಾಣುವ ಕೊರತೆ ಒಂದೇ: ಅದು ಒಂದು ರಾತ್ರಿಗೆ ಮುಗಿಯುತ್ತದೆ. ಮೊದಲ ರಾತ್ರಿ ಹುರುಪಿನಲ್ಲೇ ಕಳೆಯುತ್ತದೆ. ಪಾಳಿ ಮುಗಿದರೂ ಯಾರೂ ಮಲಗುವುದಿಲ್ಲ, ಹರಟೆ, ಚಹಾ. ದೇಹ ಬಾಕಿ ವಸೂಲಿಗೆ ಬರುವುದು ಎರಡನೇ ರಾತ್ರಿ. ದಿಕ್ಸೂಚಿ ನೋಡುತ್ತಲೇ ಕಣ್ಣು ಮುಚ್ಚುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಕಡಲ ವಾಂತಿಯೂ ಹೀಗೇ, ತುಂಬ ಜನಕ್ಕೆ ಕಡಿಮೆಯಾಗಲು ಎರಡು ಮೂರು ದಿನ ಬೇಕು. ಸುಧಾರಿಸುವ ಮೊದಲೇ ಬೈತಖೋಲಕ್ಕೆ ಬಂದು ಇಳಿದುಬಿಟ್ಟರೆ, ನಮ್ಮಲ್ಲಿ ಯಾರು ಎಷ್ಟು ತಾಳುತ್ತಾರೆ ಅಂತ ಗೊತ್ತಾಗುವುದು ಯಾವಾಗ?

ಅದಕ್ಕೇ ಈ ಸಲ ನಾನೊಂದು ಹಟ ಹಿಡಿದಿದ್ದೇನೆ. ಗೆದ್ದವರು ಯಾರು ಅಂತ ತೀರ್ಮಾನವಾದ ಮೇಲೂ ಲಂಗರು ಹಾಕುವಂತಿಲ್ಲ. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಹಿಂದೆ ಹಾಕಿ ನೇರ ಪಡುವಣಕ್ಕೆ ಹೋಗುವುದು, ಇನ್ನೊಂದು ರಾತ್ರಿ ಹೊರಗೇ ಇದ್ದು ಮರುದಿನ ವಾಪಸ್. ಪಾಳಿ ಮೂರು ಮೂರು ಗಂಟೆ. ಪಾಳಿ ಇಲ್ಲದವರು ಮಲಗಲೇಬೇಕು, ಹರಟೆ ಬಂದ್. ಒಂದು ದೋಣಿಯವರು ಒಪ್ಪಿದ್ದಾರೆ, ಇನ್ನೊಂದರಲ್ಲಿ ಇನ್ನೂ ಚರ್ಚೆ ನಡೆದಿದೆ. ನಮ್ಮಲ್ಲಿ ಒಂದು ಜಾಗ ಖಾಲಿ ಇದೆ. ಈಜು ಬರಬೇಕು, ಎರಡೂ ರಾತ್ರಿ ಇರಬೇಕು. ವಾಂತಿ ಮಾಡುವವರಾದರೂ ಅಡ್ಡಿಯಿಲ್ಲ. ಆಸೆ ಇದ್ದವರು ಮೆಸೇಜ್ ಮಾಡಿ.