ಎಲ್ಲರೂ ಚೆನ್ನಾಗಿ ದುಡಿದರೂ ಒಬ್ಬರಿಗೆ ಕೆಳಗಿನ ರೇಟಿಂಗ್ ಕೊಡಲೇಬೇಕಾ?

ಏಪ್ರಿಲ್ ಬಂದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಪ್ರೈಸಲ್, ಅಂದರೆ ವರ್ಷದ ಕೆಲಸ ಅಳೆಯುವ ಮಾತು ಶುರು. ಸಂಬಳದ ಹೈಕ್ ಎಷ್ಟು ಬಂತು ಅಂತ ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಬೇಜಾರಾಗುವುದು ರೇಟಿಂಗ್ ಹಂಚುವ ರೀತಿ ನೋಡಿ. ಬೆಲ್ ಕರ್ವ್ ಅನ್ನುವ ಗಂಟೆಯಾಕಾರದ ಗ್ರಾಫ್ ಇಟ್ಟುಕೊಂಡ ಕಡೆ, ಇಷ್ಟು ಜನ ಮೇಲೆ, ಇಷ್ಟು ಜನ ಮಧ್ಯೆ, ಇಷ್ಟು ಜನ ಕೆಳಗೆ ಅಂತ ಲೆಕ್ಕ ಮೊದಲೇ ಮುಗಿದಿರುತ್ತದೆ. ಹೆಸರು ಹುಡುಕುವುದು ಆಮೇಲೆ.

ಎಸ್ಸೆಸ್ಸೆಲ್ಸಿಯಲ್ಲಿ ಇಡೀ ಕ್ಲಾಸು ಪಾಸಾದರೂ ಒಬ್ಬ ಹುಡುಗನನ್ನು ಫೇಲ್ ಮಾಡಲೇಬೇಕು ಅಂದರೆ ನಾವು ಸುಮ್ಮನಿರುತ್ತೀವಾ? ಆಫೀಸಿನಲ್ಲಿ ಮಾತ್ರ ಯಾಕೆ ಒಪ್ಪಿಕೊಂಡಿದ್ದೇವೆ?

ನಾನು ಹಿಂದೆ ಇದ್ದ ಒಂದು ದೊಡ್ಡ ಕಂಪನಿಯಲ್ಲಿ ನಮ್ಮ ಟೀಮಿನ ಒಬ್ಬರು ಹೆರಿಗೆ ರಜೆ ಮುಗಿಸಿ ಬಂದರು. ರಜೆಗೆ ಹೋಗುವ ಮುಂಚೆ ಕಷ್ಟದ ರಿಲೀಸ್‌ಗಳನ್ನೆಲ್ಲ ನಿಭಾಯಿಸಿದ್ದವರು ಅವರೇ. ಆ ವರ್ಷ ಕೆಳಗಿನ ರೇಟಿಂಗ್ ಅವರಿಗೇ ಬಂತು. "ನಿಮ್ಮ ಕೆಲಸದ ಬಗ್ಗೆ ಕಂಪ್ಲೇಂಟ್ ಏನೂ ಇಲ್ಲ, ಆದ್ರೆ ಆರು ತಿಂಗಳು ನೀವು ಇರಲಿಲ್ಲವಲ್ಲ" ಅಂದರಂತೆ ಮ್ಯಾನೇಜರ್. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ 2017ರ ತಿದ್ದುಪಡಿಯಿಂದ ಬಂದ ಹಕ್ಕು. ಕಾನೂನು ಒಂದು ಕೈಯಲ್ಲಿ ಕೊಟ್ಟದ್ದನ್ನು ರೇಟಿಂಗ್ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಅವತ್ತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕೆಳಗಿನ ಜಾಗ ಯಾರಿಗೆ ಹೋಗುತ್ತದೆ ಅಂತ ಒಳಗಿದ್ದವರಿಗೆ ಗೊತ್ತು. ಪೇಪರ್ ಹಾಕಿದವರಿಗೆ ಅಂದರೆ ರಾಜೀನಾಮೆ ಕೊಟ್ಟವರಿಗೆ, ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿದ್ದವರಿಗೆ, ಬೇರೆ ಪ್ರಾಜೆಕ್ಟಿಂದ ಹೊಸದಾಗಿ ಬಂದವರಿಗೆ. ಇದನ್ನು ಖುಷಿಯಿಂದ ಮಾಡುವ ಮ್ಯಾನೇಜರ್‌ಗಳು ಕಡಿಮೆ, ಅದನ್ನೂ ಹೇಳಬೇಕು. ಎಲ್ಲ ಟೀಮುಗಳ ರೇಟಿಂಗ್ ಹೊಂದಿಸುವ ನಾರ್ಮಲೈಸೇಷನ್ ಮೀಟಿಂಗ್‌ನಲ್ಲಿ ಜೋರಾಗಿ ವಾದ ಮಾಡುವವರ ಟೀಮು ಬಚಾವಾಗುತ್ತದೆ. ಮೆತ್ತಗಿನ ಮ್ಯಾನೇಜರ್ ಕೆಳಗೆ ದುಡಿದವರಿಗೆ ಪೆಟ್ಟು.

ಈ ಪದ್ಧತಿಯನ್ನು ಹೆಸರುವಾಸಿ ಮಾಡಿದ್ದು ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿ. 1981ರಿಂದ 2001ರವರೆಗೆ ಅಲ್ಲಿ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ನೌಕರರನ್ನು 20, 70, 10 ಅಂತ ಪಾಲು ಮಾಡಿಸಿದರು. ಕೊನೆಯ 10 ಶೇಕಡಾ ಜನ ಹೊರಗೆ. ಇಂಥದ್ದೇ ಪದ್ಧತಿ ಮೈಕ್ರೋಸಾಫ್ಟ್‌ನಲ್ಲೂ ವರ್ಷಗಟ್ಟಲೆ ಇತ್ತು. ಅಲ್ಲಿ ಕೆಲಸ ಮಾಡಿದವರು ಹೇಳಿಕೊಂಡದ್ದನ್ನು ಓದಿದರೆ ನಮ್ಮ ಆಫೀಸಿನ ಕಥೆಯೇ ಅನಿಸುತ್ತದೆ. ಒಳ್ಳೆಯ ಇಂಜಿನಿಯರ್‌ಗಳು ಇನ್ನೊಬ್ಬ ಒಳ್ಳೆಯ ಇಂಜಿನಿಯರ್ ಇರುವ ಟೀಮಿಗೆ ಹೋಗಲು ಹಿಂಜರಿಯುತ್ತಿದ್ದರು. ಪಕ್ಕದಲ್ಲಿ ಕೂತವರು ಗೆದ್ದರೆ ತಾನು ಸೋತ ಹಾಗೆ ಅನ್ನುವ ಭಯ. ಕಂಪನಿ 2013ರ ನವೆಂಬರ್‌ನಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ಮೂರು ತಿಂಗಳಲ್ಲಿ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಸಿಇಒ ಆದರು. ಇನ್ನೊಬ್ಬರ ಕೆಲಸಕ್ಕೆ ನೀವೇನು ನೆರವಾದಿರಿ ಅನ್ನುವುದೂ ಅಲ್ಲಿನ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ಬಂತು. ಅಡೋಬಿ ಕಂಪನಿಯಂತೂ 2012ರಲ್ಲೇ ವಾರ್ಷಿಕ ಅಪ್ರೈಸಲ್ ಬಿಡಲು ತೀರ್ಮಾನಿಸಿತು.

ರೇಟಿಂಗ್‌ಗೆ ಹೆದರಿದ ಟೀಮಿನಲ್ಲಿ ಏನಾಗುತ್ತದೆ ಅಂತ ನೋಡಿದ್ದೇನೆ. ಕೆಟಿ, ಅಂದರೆ ತಮ್ಮ ಕೆಲಸವನ್ನು ಬೇರೆಯವರಿಗೆ ಹೇಳಿಕೊಡುವುದು, ಅರ್ಧಂಬರ್ಧ ಮಾಡುತ್ತಾರೆ. ಡಾಕ್ಯುಮೆಂಟ್ ಬರೆಯಲ್ಲ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಂ) ಬಿದ್ದಾಗ ಎದ್ದು ಸರಿಮಾಡಿದವರ ಹೆಸರು ಎಲ್ಲೂ ಬರಲ್ಲ, ಬೆಳಗ್ಗೆ ಮೇಲಿನವರಿಗೆ ಮೇಲ್ ಕಳಿಸಿದವರ ಹೆಸರು ಬರುತ್ತದೆ. ಫ್ರೆಶರ್‌ಗಳಿಗೆ ಕಲಿಸಲು ಕೂರುವವರಿಗಂತೂ ಅದರಿಂದ ನಷ್ಟವೇ.

ಹಾಗಾದ್ರೆ ಕೆಲಸ ಮಾಡದವರನ್ನು ಏನು ಮಾಡೋದು ಅಂತ ಕೆಲವರು ಕೇಳುತ್ತಾರೆ. ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಜೂನ್‌ನಲ್ಲಿ ಕಂಡ ತಪ್ಪನ್ನು ಜೂನ್‌ನಲ್ಲೇ ಕೂರಿಸಿ ಹೇಳಬೇಕಲ್ವಾ? ಏಪ್ರಿಲ್‌ವರೆಗೆ ಬಾಯಿ ಮುಚ್ಚಿಕೊಂಡಿದ್ದು, ಆಮೇಲೆ ಒಂದು ನಂಬರ್ ಕೈಗಿಟ್ಟರೆ ಯಾರು ತಿದ್ದಿಕೊಳ್ಳುತ್ತಾರೆ? ಹತ್ತು ಸುತ್ತು ಇಂಟರ್ವ್ಯೂ ಮಾಡಿ ಆರಿಸಿದ ಎಂಟು ಜನರ ಟೀಮು ಬೆಲ್ ಕರ್ವ್ ಆಕಾರದಲ್ಲೇ ಇರಬೇಕು ಅನ್ನುವುದಕ್ಕೆ ಸಂಖ್ಯಾಶಾಸ್ತ್ರದಲ್ಲೂ ಆಧಾರವಿಲ್ಲ.

ಕೆಳಗಿನ ರೇಟಿಂಗ್ ಬಂದವರು ದಯವಿಟ್ಟು ಸುಮ್ಮನೆ ಅಕ್ಸೆಪ್ಟ್ ಒತ್ತಬೇಡಿ. ನನ್ನ ಯಾವ ಕೆಲಸ ಕಡಿಮೆಯಾಯಿತು ಅಂತ ಮೇಲ್‌ನಲ್ಲೇ ಕೇಳಿ. ಉತ್ತರ ಬರಹದಲ್ಲಿ ಬರಲಿ. ಮ್ಯಾನೇಜರ್ ಆಗಿರುವ ಗೆಳೆಯರಲ್ಲಿ ನನ್ನದೊಂದೇ ಕೋರಿಕೆ. ಈ ಸಲ ನಿಮ್ಮ ಟೀಮಿನಲ್ಲಿ ಹೆರಿಗೆ ರಜೆಯಿಂದ ಬಂದವರಿದ್ದರೆ, ಅವರು ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ನೋಡಿ ರೇಟಿಂಗ್ ಕೊಡಿ. ಎಚ್‌ಆರ್ ಒಪ್ಪದಿದ್ದರೆ ನಿಮ್ಮ ಆಕ್ಷೇಪವನ್ನು ಅಲ್ಲೇ ಬರೆದು ಕಳಿಸಿ.