ಡೈವೋರ್ಸಿಗೆ ಮೂರೂವರೆ ಸ್ಟಾರ್

ಮದುವೆ ಮುರಿದು ಬೀಳುವ ಕಥೆಯ ಸಿನಿಮಾ ಬಿಡುಗಡೆಯಾಯಿತೆಂದರೆ ವಿಮರ್ಶಕರು ನೋಟ್‌ಬುಕ್ಕು ಮಡಚಿಟ್ಟು ಕರಿ ಕೋಟು ತೊಟ್ಟು ಕೂರುತ್ತಾರೆ. ಕ್ಯಾಮೆರಾ, ಸಂಕಲನ, ಸಂಗೀತವೆಲ್ಲ ಕೊನೆಯ ಪ್ಯಾರಾದಲ್ಲಿ, ಅದೂ ಜಾಗ ಉಳಿದರೆ. ಮೊದಲು ವಿಚಾರಣೆ. ತಪ್ಪು ಗಂಡನದೋ ಹೆಂಡತಿಯದೋ? ಮಗುವನ್ನು ಯಾರಿಗೆ ಕೊಡಬೇಕಿತ್ತು? ಹೊಂದಿಕೊಂಡು ಹೋಗೋಕೆ ಇವರಿಗೇನು ಧಾಡಿ? ವಾದ ಪ್ರತಿವಾದ ಮುಗಿದ ಮೇಲೆ ತೀರ್ಪು: ಐದಕ್ಕೆ ಮೂರೂವರೆ. ಕತ್ತರಿಸಿದ ಒಂದೂವರೆ ಸ್ಟಾರು ನಿರ್ದೇಶಕನ ಲೆಕ್ಕಕ್ಕೋ ಗಂಡನ ಲೆಕ್ಕಕ್ಕೋ ಅಂತ ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಇವರ ತಕರಾರುಗಳನ್ನು ಕೇಳಬೇಕು. "ನಾಯಕ ನಾಯಕಿಯ ನಡುವೆ ಕೆಮಿಸ್ಟ್ರಿ ವರ್ಕ್ ಆಗಿಲ್ಲ." ಅಲ್ಲ ಸ್ವಾಮಿ, ಅದು ವರ್ಕ್ ಆಗಿದ್ದರೆ ಅವರು ಲಾಯರ್ ಆಫೀಸಿನಲ್ಲಿ ಯಾಕೆ ಕೂತಿರುತ್ತಿದ್ದರು? "ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಎಳೆದಿದ್ದಾರೆ." ತೆರೆಯ ಮೇಲೆ ಆ ಹೆಂಡತಿ ಎರಡು ಗಂಟೆಯಿಂದ ಬಡಕೊಳ್ಳುತ್ತಿರುವುದೂ ಇದನ್ನೇ. "ಇಬ್ಬರೂ ಸಣ್ಣಪುಟ್ಟ ವಿಷಯಕ್ಕೆ ಕಿರುಚಾಡುತ್ತಾರೆ." ದೊಡ್ಡ ವಿಷಯಕ್ಕೆ ಕಿರುಚಾಡುವ ದಂಪತಿಗಳನ್ನು ಈ ಪುಣ್ಯಾತ್ಮರು ಎಲ್ಲಿ ಕಂಡರೋ!

ಅಂಕಿಯಲ್ಲೇ ಹೇಳಿ ಅನ್ನುವವರಿಗೆ ವಿಮರ್ಶೆಗಳನ್ನೆಲ್ಲ ಗುಡ್ಡೆ ಹಾಕುವ ರಾಟನ್ ಟೊಮ್ಯಾಟೋಸ್ ಎಂಬ ವೆಬ್‌ಸೈಟ್ ಇದೆ. ಅಲ್ಲಿನ ಶೇಕಡಾ ಲೆಕ್ಕ ಸಿನಿಮಾ ಎಷ್ಟು ಚೆನ್ನಾಗಿದೆ ಅಂತ ಹೇಳುವುದಿಲ್ಲ, ನೂರಕ್ಕೆ ಎಷ್ಟು ವಿಮರ್ಶಕರು ಸೈ ಅಂದರು ಅಂತ ಮಾತ್ರ ಹೇಳುತ್ತದೆ. 60 ಮುಟ್ಟಿದರೆ ಕೆಂಪು ಹಣ್ಣು, ಮುಟ್ಟದಿದ್ದರೆ ಪಿಚಕ್ಕೆಂದ ಹಸಿರು. ಎಲ್ಲರೂ ಒಕ್ಕೊರಲಿನಿಂದ "ಹ್ಞೂಂ, ಪರವಾಗಿಲ್ಲ" ಅಂದುಬಿಟ್ಟರೆ ನೂರಕ್ಕೆ ನೂರು! ನಗಬೇಡಿ, ಇದೇ ಲೆಕ್ಕದಲ್ಲಿ ಬೆಳ್ಳಿಹಬ್ಬ ಮುಟ್ಟಿದ ಸಂಸಾರಗಳಿಗೆ ಬರವಿಲ್ಲ.

ವಿಮರ್ಶಕರಿಗಿಂತ ಮೊದಲೇ ನೋಡುವ ರೇಟಿಂಗ್ ಮಂಡಳಿಯದ್ದು ಇನ್ನೊಂದು ತಮಾಷೆ. 2010ರಲ್ಲಿ ಅಮೆರಿಕದ ಮಂಡಳಿ ಮದುವೆ ಮುರಿಯುವ ಕಥೆಯ 'ಬ್ಲೂ ವ್ಯಾಲೆಂಟೈನ್'ಗೆ ಎನ್‌ಸಿ-17 ಕೊಟ್ಟಿತು. 17 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು ಒಳಗೆ ಬರುವಂತಿಲ್ಲ. ಮೇಲ್ಮನವಿ ಹೋಯಿತು. ಡಿಸೆಂಬರಿನಲ್ಲಿ ಒಂದೇ ಒಂದು ದೃಶ್ಯ ಕತ್ತರಿಸದೆ 'ಆರ್' ಸಿಕ್ಕಿತು. ಅಂದರೆ ಹದಿನೇಳು ತುಂಬದವರೂ ನೋಡಬಹುದು, ಆದರೆ ಅಪ್ಪನನ್ನೋ ಅಮ್ಮನನ್ನೋ ಬೇರೆ ಪೋಷಕರನ್ನೋ ಕರೆತರಬೇಕು. ಸಂಸಾರ ಒಡೆಯುವುದನ್ನು ನೋಡಲು ಪೋಷಕರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂಬ ನಿಯಮ ಯಾವ ಮಹಾನುಭಾವನ ತಲೆಗೆ ಹೊಳೆಯಿತೋ!

ಇನ್ನು ಆಸ್ಕರ್. 1979ರ 'ಕ್ರೇಮರ್ ವರ್ಸಸ್ ಕ್ರೇಮರ್'ಗೆ ಐದು ಪ್ರಶಸ್ತಿ. ಗಂಡನಾದ ಡಸ್ಟಿನ್ ಹಾಫ್‌ಮನ್ ಶ್ರೇಷ್ಠ ನಟ, ಹೆಂಡತಿಯಾದ ಮೆರಿಲ್ ಸ್ಟ್ರೀಪ್ ಶ್ರೇಷ್ಠ ಪೋಷಕ ನಟಿ. ಹೆಸರಲ್ಲೇ ವರ್ಸಸ್ ಇದೆ, ಎದುರು ಪಾರ್ಟಿಗೆ ಮಾತ್ರ ಪೋಷಕ ಪಾತ್ರ! ನಲವತ್ತು ವರ್ಷ ಕಳೆದು 'ಮ್ಯಾರೇಜ್ ಸ್ಟೋರಿ' ಬಂತು. ಸಿನಿಮಾ ಶುರುವಾಗುವುದೇ ಗಂಡ ಹೆಂಡತಿ ಪರಸ್ಪರರ ಒಳ್ಳೆಯ ಗುಣಗಳನ್ನು ಪಟ್ಟಿ ಮಾಡುವುದರಿಂದ. ನೋಡಿದವರು ಅದನ್ನು ಮರೆತು, ಗಂಡ ಗೋಡೆಗೆ ಗುದ್ದುವ ತುಣುಕನ್ನಷ್ಟೇ ಕತ್ತರಿಸಿಕೊಂಡು ಮೀಮ್ ಮಾಡಿ ಹಂಚಿದರು. ಆರು ನಾಮನಿರ್ದೇಶನ ಬಂದವು. ಗಂಡನಿಗೂ ಪ್ರಶಸ್ತಿ ಬರಲಿಲ್ಲ, ಹೆಂಡತಿಗೂ ಬರಲಿಲ್ಲ. ಗೆದ್ದದ್ದು ಒಬ್ಬರೇ, ಡೈವೋರ್ಸ್ ಲಾಯರ್ ಪಾತ್ರ ಮಾಡಿದ ಲಾರಾ ಡರ್ನ್. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬುದನ್ನು ಅಕಾಡೆಮಿ ಇಷ್ಟು ನಿಷ್ಠೆಯಿಂದ ಪಾಲಿಸೀತೆಂದು ಯಾರು ಎಣಿಸಿದ್ದರು?

ನನಗೆ ಎಲ್ಲಕ್ಕಿಂತ ರುಚಿಸುವುದು 2015ರ 'ಬೈ ದಿ ಸೀ' ಪ್ರಸಂಗ. ಬರೆದು ನಿರ್ದೇಶಿಸಿದ್ದು ಏಂಜಲೀನಾ ಜೋಲಿ. ಗಂಡ ಹೆಂಡತಿಯ ಪಾತ್ರದಲ್ಲಿ ಆಕೆ ಮತ್ತು ಆಗಿನ ಪತಿ ಬ್ರ್ಯಾಡ್ ಪಿಟ್. ಮಾತು ಸತ್ತ ಜೋಡಿಯೊಂದು ಹೋಟೆಲ್ ಕೋಣೆಯ ಗೋಡೆಯ ತೂತಿನಿಂದ ಪಕ್ಕದ ಕೋಣೆಯ ಹೊಸ ಜೋಡಿಯನ್ನು ಇಣುಕಿ ನೋಡುತ್ತ ಕೂರುವ ಕಥೆ. ನಿಧಾನ, ನೋಡಲು ಚೆಂದ, ಒಳಗೆ ಟೊಳ್ಳು ಎಂದು ಹೆಚ್ಚಿನವರು ಮೂಗು ಮುರಿದರು. 2016ರ ಸೆಪ್ಟೆಂಬರಿನಲ್ಲಿ ಆಕೆ ನಿಜವಾಗಿಯೂ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ತಗೋ, ಅದೇ ಟೊಳ್ಳು ಸಿನಿಮಾದಲ್ಲಿ ಸುಳಿವು ಹುಡುಕುವ ಲೇಖನಗಳು ಸಾಲುಗಟ್ಟಿದವು. ಆ ಮೌನಕ್ಕೆ ಅರ್ಥ ಬಂತು, ಆ ನೋಟಕ್ಕೆ ಆಳ ಬಂತು. ಗೋಡೆಗೆ ಕಣ್ಣು ಹಚ್ಚಿ ಅಷ್ಟು ಹೊತ್ತು ಕೂರುವುದೇ ಬೇಸರ ಎಂದಿದ್ದವರಿಗೆ ಈಗ ಆ ತೂತೇ ಸಾಲದಾಯಿತು.